ಬಂಡೆಯ ಸಪ್ಪಳ, ಮನೆಯ ಗೋಡೆ



ಶ್ರೀಮಠದ ಈ ಪತ್ರಿಕೆಯ ಪುಟಗಳಲ್ಲಿ ತಾವು ಸಾಮಾನ್ಯವಾಗಿ ಶರಣರ ಚರಿತ್ರೆಯನ್ನೋ ಅನುಭಾವದ ವಿವೇಚನೆಯನ್ನೋ ಜಾತ್ರೆ ಉತ್ಸವಗಳ ವೃತ್ತಾಂತವನ್ನೋ ಓದುವಿರಿ. ಇಂದು ನಾನು ನಿವೇದಿಸಲು ಹೊರಟಿರುವುದು ಕಲ್ಲು ಒಡೆಯುವ ಮದ್ದಿನ ವಿಷಯವನ್ನು. ಮಠದ ಪತ್ರಿಕೆಗೂ ಸಿಡಿಮದ್ದಿಗೂ ಏನು ಸಂಬಂಧವೆಂದು ದೂರದ ಊರಿನ ವಾಚಕರು ಹುಬ್ಬೇರಿಸಬಹುದು. ನಮ್ಮ ಗದಗು ಸೀಮೆಯ ಭಕ್ತರಿಗೆ ಈ ಸಂದೇಹ ಬರಲಾರದು. 2011ರಲ್ಲಿ ಹಳ್ಳಿಗುಡಿಯ ರೈತರ ಭೂಮಿ ಉಕ್ಕಿನ ಕಾರ್ಖಾನೆಯ ಪಾಲಾಗಲಿದ್ದಾಗ ಅವರ ಬೆನ್ನಿಗೆ ನಿಂತವರು ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು. ಕಪ್ಪತಗುಡ್ಡಕ್ಕೆ 2015ರಲ್ಲಿ ದೊರೆತಿದ್ದ ಸಂರಕ್ಷಣೆಯನ್ನು 2016ರಲ್ಲಿ ಸರಕಾರ ಹಿಂತೆಗೆದುಕೊಂಡಾಗ, ಜನರನ್ನು ಕೂಡಿಸಿ ಧರಣಿಗೆ ನೇತೃತ್ವ ವಹಿಸಿದವರೂ ಅವರೇ. 2017ರಲ್ಲಿ ಆ ಸಂರಕ್ಷಣೆ ಮರಳಿ ಬಂದಿತು; 2019ರಲ್ಲಿ ಗುಡ್ಡ ವನ್ಯಜೀವಿಧಾಮವೇ ಆಯಿತು. ಅದನ್ನು ಕಾಣಲು ಪೂಜ್ಯರು ಇರಲಿಲ್ಲ. 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾಗಿದ್ದರು.

ಆದರೆ ನಾನು ಹೇಳಬೇಕೆಂದಿರುವುದು ಅಷ್ಟು ದೊಡ್ಡ ಹೋರಾಟದ ಕಥೆಯಲ್ಲ. ಒಂದು ಹಳ್ಳಿ, ಕೆಲವು ಮನೆಗಳು, ಊರ ಮಗ್ಗುಲಿನ ಒಂದು ಕಲ್ಲುದಿಬ್ಬ, ಇಷ್ಟೇ ಇದರ ವ್ಯಾಪ್ತಿ.

ನನ್ನ ಊರು ಕೋಟುಮಚಗಿ. ನನ್ನ ತಂಗಿಯನ್ನು ಕೊಟ್ಟದ್ದು ಮುಂಡರಗಿಯ ಕಡೆಯ ಒಂದು ಹಳ್ಳಿಗೆ, ಹೆಸರು ಬೇಡ. 2022ರ ಬೇಸಿಗೆಯಲ್ಲಿ ಆಕೆ ಫೋನು ಮಾಡಿ, "ಅಣ್ಣಾ, ನೀ ಒಂದ್ ಸಲ ಬಂದು ನೋಡಿ ಹೋಗು. ಮಧ್ಯಾಹ್ನ ಆತಂದ್ರ ಮನಿ ಗಡಗಡ ನಡಗತೈತಿ. ದೇವರ ಮಾಡದಾಗಿನ ದೀಪ ಸೈತ ಆರತೈತಿ" ಎಂದಳು. ನನ್ನ ತಂಗಿ ಸುಮ್ಮನೆ ಅಂಜುವ ಹೆಂಗಸಲ್ಲ. ಗಂಡ ತೀರಿಕೊಂಡ ಮೇಲೆ ಎಂಟೆಕರೆ ಹೊಲವನ್ನು ಒಬ್ಬಳೇ ಮಾಡಿಸಿದವಳು. ಮರುದಿನವೇ ಬಸ್ಸು ಹತ್ತಿದೆನು.

ಊರಿನ ಪಡುವಣಕ್ಕೆ ರಸ್ತೆಯ ಕಾಮಗಾರಿ ನಡೆದಿತ್ತು. ರಸ್ತೆಗೆ ಅಡ್ಡವಾಗಿದ್ದ ಕಲ್ಲುದಿಬ್ಬವನ್ನು ಒಡೆದು, ಅದೇ ಕಲ್ಲಿನಿಂದ ಖಡಿ ಮಾಡಿ ಹಾಸುತ್ತಿದ್ದರು. ಮನೆ ಮುಟ್ಟಿ ಕೈಕಾಲು ತೊಳೆದು, ಅಂಗಳದಲ್ಲಿ ಕುಳಿತು ಚಹ ಕುಡಿಯುವಷ್ಟರಲ್ಲಿ ಆ ಸಪ್ಪಳ ಬಂದಿತು. ಮೊದಲು ಪಾದಗಳ ಕೆಳಗೆ ನೆಲ ಒಮ್ಮೆ ಮಿಸುಕಿದಂತಾಯಿತು. ಕ್ಷಣಮಾತ್ರ ತಡೆದು ಗುಡುಗಿನಂತಹ ಶಬ್ದ ಕೇಳಿಸಿತು. ಮಾಳಿಗೆಯ ಜಂತಿಗಳ ಸಂದಿಯಿಂದ ಮಣ್ಣು ಉದುರಿ ನನ್ನ ಬಟ್ಟಲಿನಲ್ಲಿ ಬಿದ್ದಿತು. ಓಣಿಯ ಮಕ್ಕಳು ಕೂಗುತ್ತ ಓಡಿದರು. ತಂಗಿಯ ಅತ್ತೆ ತೊಂಬತ್ತರ ಹತ್ತಿರದ ಮುದುಕಿ. ಕಿವಿ ಮಂದವಾಗಿರುವುದರಿಂದ ಶಬ್ದ ಆಕೆಗೆ ಅಷ್ಟಾಗಿ ಕೇಳದು. ಆದರೆ ಹೊರಸಿನ ನಡುಕ ಆಕೆಗೆ ಸಾಕಾಗಿತ್ತು. ಬೇಸಿಗೆಯ ನಡುಹಗಲಿನಲ್ಲಿಯೂ ಆಕೆ ಮಾಳಿಗೆಯ ಕೆಳಗೆ ಮಲಗಲೊಲ್ಲದೆ ಬೇವಿನ ಗಿಡದ ಬುಡಕ್ಕೆ ಹೊರಸು ಹಾಕಿಸಿಕೊಂಡಿದ್ದಳು.

ಪಡಸಾಲೆಯ ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಬಿರುಕಿತ್ತು. ಕೋಪ ಬಂದಿತೆಂದು ಒಪ್ಪಿಕೊಳ್ಳುತ್ತೇನೆ. ಮೇಷ್ಟರಾಗಿದ್ದವನ ಕೋಪ ಅರ್ಜಿಯ ರೂಪದಲ್ಲಿ ಹೊರಬರುವುದು ಸಹಜ. ಅಂದೇ ರಾತ್ರಿ ಎರಡು ಪುಟದ ಅರ್ಜಿ ಬರೆದೆನು. ಸಹಿ ಮಾಡುವ ಪ್ರಸಂಗ ಬಂದಾಗ ತಂಗಿಯ ಮಗ ನನ್ನನ್ನು ಹೊರಗೆ ಕರೆದು, "ಮಾವಾ, ನೀವು ಸಹಿ ಮಾಡ್ರಿ, ಬ್ಯಾಡ ಅನ್ನೂದುಲ್ಲ. ಅವ್ವನ ಹೆಸರು ಮಾತ್ರ ಬ್ಯಾಡ್ರಿ" ಎಂದನು. ಏಕೆಂದು ಕೇಳಿದೆ. ಅದೇ ಕಾಮಗಾರಿಯಲ್ಲಿ ಅವನು ಟಿಪ್ಪರು ಹೊಡೆಯುತ್ತಿದ್ದನು. ಆ ವರ್ಷ ಮನೆಗೆ ಬಂದ ರೊಕ್ಕದಲ್ಲಿ ಹೊಲದಿಂದ ಬಂದದ್ದಕ್ಕಿಂತ ಆ ಟಿಪ್ಪರಿನಿಂದ ಬಂದದ್ದೇ ಹೆಚ್ಚು. ಓಣಿಯಲ್ಲಿ ಇನ್ನೂ ಐದಾರು ಮನೆಯವರು ಅಲ್ಲಿಯೇ ಕೂಲಿಗೆ ಹೋಗುತ್ತಿದ್ದರು. ಬರೆದ ಅರ್ಜಿಯನ್ನು ಮಡಿಚಿ ಚೀಲದಲ್ಲಿಟ್ಟು ಆ ರಾತ್ರಿ ಬಹಳ ಹೊತ್ತು ಎಚ್ಚರವಿದ್ದೆನು.

ಕಲ್ಲು ಒಡೆಯುವುದು ಹೀನವಾದ ಕೆಲಸವೆಂದು ನಾವು ಹೇಳುವಂತಿಲ್ಲ. ಸೊನ್ನಲಿಗೆಯಲ್ಲಿ ಕೆರೆ ತೋಡಿಸಿದ ಸಿದ್ಧರಾಮೇಶ್ವರರನ್ನು ಕಲ್ಲುಕುಟಿಗ ಭೋವಿ ಬಂಧುಗಳು ತಮ್ಮ ಗುರುವೆಂದು ಪೂಜಿಸುತ್ತಾರೆ. ಆ ಕಾಯಕದ ಬೆವರಿಲ್ಲದೆ ನಮ್ಮ ಭಾವಿಗಳಿಲ್ಲ, ಗುಡಿಗಳಿಲ್ಲ. ನಾನು ಉಂಡು ಓದಿದ ಪ್ರಸಾದನಿಲಯದ ಅಡಿಪಾಯದ ಖಡಿಯೂ ಎಲ್ಲಿಯೋ ಒಂದು ಗುಡ್ಡದ ಹೊಟ್ಟೆಯಿಂದ ಬಂದುದೇ. ನನ್ನ ಸ್ವಂತ ಮನೆಯ ಮೇಲ್ಛಾವಣಿಯೂ ಅಷ್ಟೆ. ಆದುದರಿಂದ ಗುಡ್ಡ ಒಡೆಯಕೂಡದೆಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗಾಗಲಿಲ್ಲ. ಇಂದಿಗೂ ಆಗುವುದಿಲ್ಲ.

ಬೆಳಗಾಗುವುದರೊಳಗೆ ತಂಗಿಯೇ ಮಗನಿಗೆ ಏನು ಹೇಳಿದಳೋ ತಿಳಿಯದು; ಅರ್ಜಿ ತರಿಸಿಕೊಂಡು ಎಲ್ಲರಿಗಿಂತ ಮೇಲೆ ತನ್ನ ಸಹಿ ಮಾಡಿದಳು. ಹನ್ನೊಂದು ಮನೆಯವರು ಸಹಿ ಮಾಡಿದರು.

ಮುಂದಿನ ಎರಡು ತಿಂಗಳ ಅಲೆದಾಟವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ, ಇಂತಹ ಅಲೆದಾಟ ತಮಗೇನೂ ಹೊಸದಲ್ಲ. ಪಂಚಾಯತಿಯವರು ಇದು ನಮ್ಮ ವ್ಯಾಪ್ತಿಯಲ್ಲವೆಂದರು. ಅವರು ಹೇಳಿದ ಇನ್ನೊಂದು ಕಚೇರಿಯವರು ಮತ್ತೊಂದು ಕಚೇರಿಯತ್ತ ಬೆರಳು ತೋರಿದರು. ಆಗ ಸಿಟ್ಟು ಬಂದಿತ್ತು. ಆಮೇಲೆ ವಿಚಾರಿಸಿ ನೋಡಿದಾಗ ಅವರಲ್ಲಿ ಯಾರೂ ಪೂರ್ತಿ ಸುಳ್ಳು ಹೇಳಿರಲಿಲ್ಲವೆಂದು ತಿಳಿಯಿತು. ಕಲ್ಲು ತೆಗೆಯಲು ಪರವಾನಗಿ ಕೊಡುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ. ಮದ್ದನ್ನು ಇಟ್ಟುಕೊಳ್ಳಲು ಬಳಸಲು ಲೈಸೆನ್ಸು ಕೊಡುವ ಕೇಂದ್ರ ಸಂಸ್ಥೆಯ ಮುಖ್ಯ ಕಚೇರಿ ನಾಗಪುರದಲ್ಲಿದೆ. ಆ ಲೈಸೆನ್ಸಿಗೆ ಆಕ್ಷೇಪಣೆಯಿಲ್ಲವೆಂದು ಹೇಳುವವರು ಜಿಲ್ಲಾಡಳಿತದವರು. ಗಣಿಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಮಹಾನಿರ್ದೇಶನಾಲಯ ಇರುವುದು ದೂರದ ಧನಬಾದಿನಲ್ಲಿ. ಖಡಿ ಮಷೀನುಗಳಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಬೇರೊಂದು ಪ್ರಾಧಿಕಾರ, ಧೂಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ. ಒಂದು ಕುಳಿಗೆ ಮದ್ದು ತುಂಬಿ ಬತ್ತಿ ಹಚ್ಚುವ ಕೆಲಸ ಇಷ್ಟು ಕಚೇರಿಗಳಲ್ಲಿ ಹಂಚಿಹೋಗಿದೆ. ಹಳ್ಳಿಯವನಿಗೆ ಗೊತ್ತಿರುವ ಸರಕಾರವೆಂದರೆ ಚಾವಡಿಯ ಪಕ್ಕದ ಪಂಚಾಯತಿ ಒಂದೇ.

ಕೊನೆಗೆ ಒಬ್ಬ ಅಧಿಕಾರಿಗಳು ಬಂದರು. ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ವಿನಯವಂತರು. ಹನ್ನೊಂದೂ ಮನೆಗಳನ್ನು ನೋಡಿ, "ಸರ್, ಇದು ಎರೆಭೂಮಿ. ಈ ಬಿರುಕುಗಳು ಬ್ಲಾಸ್ಟಿಂಗಿನಿಂದ ಆದವೆಂದು ನಾನು ಹೇಗೆ ಬರೆಯಲಿ?" ಎಂದು ಕೇಳಿದರು. ಊರವರು ಗದ್ದಲ ಮಾಡಿದರು. ನಾನು ಮಾತ್ರ ಸುಮ್ಮನೆ ನಿಂತೆನು. ಅದಕ್ಕೆ ಕಾರಣವಿತ್ತು. ಕೋಟುಮಚಗಿಯ ನನ್ನ ಮನೆಯೂ ಎರೆಭೂಮಿಯ ಮೇಲೆಯೇ ನಿಂತಿದೆ. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಆ ಮಣ್ಣಿನ ಸ್ವಭಾವದಿಂದ ನನ್ನ ಗೋಡೆಯಲ್ಲಿಯೂ ರೂಪಾಯಿಯ ನಾಣ್ಯ ತೂರುವಷ್ಟು ಬಿರುಕಿದೆ. ಅಲ್ಲಿ ಯಾರೂ ಮದ್ದು ಹಾರಿಸಿಲ್ಲ. ತಂಗಿಯ ಪಡಸಾಲೆಯ ಬಿರುಕನ್ನು ನಾನು ಮೊದಲು ಕಂಡದ್ದು ಯಾವಾಗ? ಕಾಮಗಾರಿ ಪ್ರಾರಂಭವಾಗುವುದಕ್ಕೆ ಮೊದಲು ಅದು ಇತ್ತೋ ಇಲ್ಲವೋ? ನೆನಪು ಮಾಡಿಕೊಂಡಷ್ಟೂ ಅದು ಇದ್ದಂತೆಯೂ ತೋರಿತು, ಇರದಂತೆಯೂ ತೋರಿತು.

ಊರಿಗೆ ಮರಳುವಾಗ ಗದುಗಿನಲ್ಲಿ ಇಳಿದು, ಪ್ರಸಾದನಿಲಯದಲ್ಲಿ ನನಗಿಂತ ಎರಡು ವರ್ಷ ಮುಂದಿದ್ದು, ಇಂಜಿನಿಯರರಾಗಿ ನಿವೃತ್ತರಾದ ಹಿರಿಯರೊಬ್ಬರ ಮನೆಗೆ ಹೋದೆನು. ಮಠದ ಸಾಲಿನಲ್ಲಿ ಕುಳಿತು ಒಂದೇ ಪಂಕ್ತಿಯಲ್ಲಿ ಉಂಡವರ ನಡುವಣ ಸಲಿಗೆಯ ಬೆಲೆ ಇಂತಹ ಸಮಯದಲ್ಲಿಯೇ ತಿಳಿಯುವುದು. ಎಲ್ಲವನ್ನೂ ಕೇಳಿ ಅವರು ನಕ್ಕು, "ನೀವೂ ಹೇಳ್ತೀರಿ, ಅವರೂ ಹೇಳ್ತಾರ. ಅಳತಿ ಮಾಡಿದವರು ಯಾರ್ರೀ?" ಎಂದರು.

ಅವರು ಅಂದು ವಿವರಿಸಿದ್ದನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ. ಇಂತಹ ಊರುಗಳಲ್ಲಿರುವ ವಾಚಕರಿಗೆ ಉಪಯೋಗವಾದೀತು. ಮದ್ದು ಸಿಡಿದಾಗ ನೆಲದಲ್ಲಿ ಕಂಪನದ ಅಲೆಗಳು ಹರಡುತ್ತವೆ. ಮಣ್ಣಿನ ಕಣ ಎಷ್ಟು ವೇಗದಿಂದ ಅಲುಗಿತೆಂಬುದನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರೆಂದು ಅಳೆಯುವ ಯಂತ್ರವಿದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬೇರೆಯವರಿಗೆ ಸೇರಿದ ವಾಸದ ಮನೆಗಳ ಅಡಿಪಾಯದಲ್ಲಿ ಈ ವೇಗ, ಅಲೆ ನಿಧಾನವಾಗಿದ್ದರೆ, ಅಂದರೆ ಸೆಕೆಂಡಿಗೆ 8 ಸಲಕ್ಕಿಂತ ಕಡಿಮೆ ತೂಗುವಂತಿದ್ದರೆ, 5 ಮಿಲಿಮೀಟರು ಮೀರಕೂಡದು. 8ರಿಂದ 25 ಸಲ ತೂಗುವ ಅಲೆಗೆ 10 ಮಿಲಿಮೀಟರು, ಅದಕ್ಕೂ ಚುರುಕಾದ ಅಲೆಗೆ 15. ಪ್ರಾಚೀನ ಸ್ಮಾರಕಗಳಿಗೆ ಮಿತಿ ಇನ್ನೂ ಬಿಗಿ; ನಿಧಾನದ ಅಲೆಯಾದರೆ 2 ಮಿಲಿಮೀಟರು ಮಾತ್ರ. ನಿಧಾನವಾದ ಅಲೆಗೆ ಬಿಗಿಯಾದ ಮಿತಿಯೇಕೆಂದರೆ, ಅಂತಹ ಅಲೆಯ ತಾಳಕ್ಕೆ ಮನೆ ತಾನೂ ತಲೆದೂಗತೊಡಗುತ್ತದೆ. ಹಾನಿಯನ್ನು ತಗ್ಗಿಸುವ ಉಪಾಯಗಳೂ ಉಂಟು. ಎಲ್ಲ ಕುಳಿಗಳನ್ನು ಒಮ್ಮೆಲೇ ಹಾರಿಸದೆ ಒಂದರ ಹಿಂದೆ ಒಂದರಂತೆ ಕಣ್ಣೆವೆಯಿಕ್ಕುವುದಕ್ಕಿಂತಲೂ ಕಿರಿದಾದ ಅಂತರದಲ್ಲಿ ಹಾರಿಸಬಹುದು. ಆಗ ಒಂದು ಸಲಕ್ಕೆ ಸಿಡಿಯುವ ಮದ್ದು ಕಡಿಮೆಯಾಗುತ್ತದೆ. ಚೂರುಗಳು ಹಾರದಂತೆ ಹಳೆಯ ಟಾಯರುಗಳ ಚಾಪೆ, ಮರಳಿನ ಚೀಲ ಹೊದಿಸಬಹುದು. ಮನೆಗಳು ತೀರ ಹತ್ತಿರವಿದ್ದರೆ ಮದ್ದನ್ನೇ ಬಿಟ್ಟು, ಕುಳಿಯಲ್ಲಿ ತುಂಬಿದಾಗ ತಾನಾಗಿ ಉಬ್ಬಿ ಬಂಡೆಯನ್ನು ಸೀಳುವ ಪುಡಿಯನ್ನಾಗಲಿ ಬಂಡೆ ಒಡೆಯುವ ಯಂತ್ರವನ್ನಾಗಲಿ ಬಳಸಬಹುದು. ಖರ್ಚು ಹೆಚ್ಚು, ಸಮಯ ಹೆಚ್ಚು. ಅಲ್ಲಿಗೆ ಮಾತು ನಿಲ್ಲುವುದು. ಕಲ್ಲುಗಣಿಗೂ ಮನೆಗೂ ಇರಬೇಕಾದ ದೂರದ ಬಗೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಸೂಚಿಸಿದ್ದು, ಮದ್ದು ಬಳಸದಿದ್ದರೆ 100 ಮೀಟರು, ಬಳಸುವುದಾದರೆ 200 ಮೀಟರು.

ಇನ್ನೊಂದು ಮಾತನ್ನೂ ಅವರು ಹೇಳಿದರು. ಅದು ನನ್ನ ತಲೆಯಲ್ಲಿ ಬಹುದಿನ ಕೊರೆಯಿತು. ಗೋಡೆ ಬಿರಿಯಲು ಬೇಕಾಗುವ ಕಂಪನಕ್ಕಿಂತ ಎಷ್ಟೋ ಕಡಿಮೆಯ ಕಂಪನವನ್ನು ಮನುಷ್ಯನ ಶರೀರ ಗುರುತಿಸಬಲ್ಲದು. ಸೆಕೆಂಡಿಗೆ ಅರ್ಧ ಮಿಲಿಮೀಟರಿನ ಅಲುಗಾಟವೂ ನಮಗೆ ತಿಳಿಯುತ್ತದೆ. ಆದುದರಿಂದ "ಮನೆಗೆ ಏನೂ ಆಗಿಲ್ಲ" ಎಂದು ಅಧಿಕಾರಿ ಬರೆದದ್ದೂ "ಮನೆ ನಡುಗಿತು" ಎಂದು ಮುದುಕಿ ಹೇಳಿದ್ದೂ ಎರಡೂ ನಿಜವಾಗಿರಬಹುದು. ಹಾಗಾದರೆ ಆ ಮುದುಕಿಯ ಹೆದರಿಕೆಯನ್ನು ಯಾವ ಲೆಕ್ಕಕ್ಕೆ ಬರೆಯುವುದು?

ಇಲ್ಲಿ ನನ್ನ ಊರಿನ ಒಂದು ಹಳೆಯ ಸಂಗತಿಯನ್ನು ನಡುವೆ ತರುವುದಕ್ಕೆ ವಾಚಕರು ಮನ್ನಿಸಬೇಕು. ಕೋಟುಮಚಗಿ ಅಂದಿನ ಉಮ್ಮಚಿಗೆ ಎಂಬ ಅಗ್ರಹಾರ. ಇಲ್ಲಿ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ, 1012ರ ಶಾಸನವೊಂದಿದೆ. ಊರಿನ ಆಡಳಿತದ ಕಟ್ಟಳೆಗಳು ಅದರಲ್ಲಿ ಬರುತ್ತವೆ. ಬೈದರೆ ಇಷ್ಟು ದಂಡ, ಹೊಡೆದರೆ ಇಷ್ಟು, ಕಠಾರಿಯನ್ನು ಹಿರಿದರೆ ಇಷ್ಟು, ಇರಿದರೆ ಇಷ್ಟು ಎಂದು ಬೇರೆ ಬೇರೆಯಾಗಿ ವಿಧಿಸಿದ್ದಾರೆ. ಶಾಲೆಯ ಮಕ್ಕಳಿಗೆ ಇದನ್ನು ನಾನು ಎಷ್ಟೋ ಸಲ ಹೇಳಿದ್ದೆ, ಊರಿನ ಹೆಮ್ಮೆಗಾಗಿ. ಅರ್ಥ ಹೊಳೆದದ್ದು ಈ ಪ್ರಸಂಗದಲ್ಲಿ. ಕಠಾರಿ ಹಿರಿದವನು ಇನ್ನೂ ಯಾರನ್ನೂ ಇರಿದಿಲ್ಲ, ಯಾರಿಗೂ ಗಾಯವಾಗಿಲ್ಲ. ಆದರೂ ಅವನಿಗೆ ದಂಡವುಂಟು. ಎದುರಿಗಿದ್ದವನ ಎದೆ ನಡುಗಿದ್ದನ್ನು ಸಾವಿರ ವರ್ಷದ ಹಿಂದಿನ ಆ ಊರ ಮಹಾಜನರು ಲೆಕ್ಕಕ್ಕೆ ಹಿಡಿದಿದ್ದರು. ನಾನು ಕಾನೂನು ಓದಿದವನಲ್ಲ, ಈ ಹೋಲಿಕೆ ಎಷ್ಟರಮಟ್ಟಿಗೆ ನಿಲ್ಲುವುದೋ ತಿಳಿದವರು ಹೇಳಲಿ.

ಹೆದರಿಕೆ ನಿರಾಧಾರವೆಂದು ತಳ್ಳಿಹಾಕುವಂತೆಯೂ ಇಲ್ಲ. ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ 2021ರ ಜನವರಿ 21ರ ರಾತ್ರಿ ಕಲ್ಲುಗಣಿಗೆಂದು ತಂದ ಸ್ಫೋಟಕ ಸಿಡಿದಾಗ ಸುತ್ತಣ ಜಿಲ್ಲೆಗಳವರೆಗೆ ನೆಲ ನಡುಗಿ, ಭೂಕಂಪವೆಂದು ಜನ ಮನೆಯಿಂದ ಹೊರಗೋಡಿದರು. ಒಂದು ತಿಂಗಳು ಕಳೆಯುತ್ತಲೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಆರು ಜನ ಸತ್ತರು. ಕನ್ನಂಬಾಡಿ ಕಟ್ಟೆಯ ಸಮೀಪದ ಬೇಬಿಬೆಟ್ಟದ ಪ್ರಕರಣವಂತೂ ಎಲ್ಲರೂ ಬಲ್ಲದ್ದು. 2018ರ ಸೆಪ್ಟೆಂಬರಿನಲ್ಲಿ ಅಲ್ಲಿ ಕೇಳಿಬಂದ ಭಾರೀ ಶಬ್ದವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ದಾಖಲಿಸಿ, ಗಣಿಗಾರಿಕೆ ನಿಲ್ಲಿಸುವುದು ಲೇಸೆಂದು ತಿಳಿಸಿತ್ತು. 2022ರಲ್ಲಿ ಪರೀಕ್ಷಾರ್ಥ ಸ್ಫೋಟ ನಡೆಸಿ ಅಳೆಯಲು ವಿಜ್ಞಾನಿಗಳು ಬಂದಾಗ ರೈತರು ಅವರನ್ನೇ ತಡೆದರು. 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ನಿಷೇಧಿಸಿತು. ಅಳೆಯುವವರನ್ನೂ ತಡೆಯುವುದು ಸರಿಯೇ ಎಂದು ನಾನು ಮೊದಲು ಅಂದುಕೊಂಡಿದ್ದೆ. ಈಗ ಅಷ್ಟು ನಿಶ್ಚಯವಿಲ್ಲ. ಪರೀಕ್ಷೆಗೆಂದು ಒಂದು ಅಣೆಕಟ್ಟನ್ನು ಒಡ್ಡುವುದು ಬೇರೆ, ದಿನವೂ ನಡೆದಿರುವ ಸ್ಫೋಟವನ್ನು ಅಳೆಯುವುದು ಬೇರೆ.

ನಮ್ಮ ಇಂಜಿನಿಯರರು ಹೇಳಿಕೊಟ್ಟ ಉಪಾಯ ಬಹಳ ಸರಳವಾದದ್ದು. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು ಎರಡೂ ತುದಿಗೆ ಗಿಲಾವು ಹಚ್ಚಿ ಭದ್ರಮಾಡಿ, ಪಕ್ಕದಲ್ಲಿ ತಾರೀಖು ಬರೆಯುವುದು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ, ಬೆಳೆಯದಿದ್ದರೆ ಇಲ್ಲ. ಹನ್ನೊಂದು ಮನೆಗಳಲ್ಲಿ ಪಂಚಾಯತಿಯ ಸದಸ್ಯರೊಬ್ಬರ ಸಮಕ್ಷಮದಲ್ಲಿಯೇ ಪಟ್ಟಿಗಳನ್ನು ಕೂಡಿಸಿದೆವು. ಶಾಲೆಯ ಹುಡುಗನೊಬ್ಬ ಮೊಬೈಲಿನಲ್ಲಿ ಚಿತ್ರ ತೆಗೆದನು. ದಿನವೂ ಎಷ್ಟು ಹೊತ್ತಿಗೆ ಸಪ್ಪಳವಾಯಿತೆಂದು ತಂಗಿ ಒಂದು ವಹಿಯಲ್ಲಿ ಬರೆದಿಟ್ಟಳು. ಎರಡು ತಿಂಗಳಾದ ಮೇಲೆ ನೋಡಿದರೆ ದಿಬ್ಬಕ್ಕೆ ತೀರ ಸಮೀಪದ ಮೂರು ಮನೆಗಳ ಗಾಜು ಒಡೆದಿತ್ತು. ಉಳಿದ ಎಂಟು ಮನೆಗಳದ್ದು ಹಾಗೆಯೇ ಇದ್ದಿತು. ಆ ಎಂಟರಲ್ಲಿ ನನ್ನ ತಂಗಿಯ ಮನೆಯೂ ಒಂದು.

ಇದನ್ನು ಗ್ರಾಮಸಭೆಯಲ್ಲಿ ಹೇಳಬೇಕೋ ಬೇಡವೋ ಎಂದು ಹಿಂದಿನ ರಾತ್ರಿ ಜಗಳವೇ ಆಯಿತು. ಹನ್ನೊಂದೂ ಒಡೆದಿವೆ ಎಂದರೆ ಕೆಲಸ ಬೇಗ ಆಗುವುದೆಂದು ಕೆಲವರೆಂದರು. ಎಂಟು ಪಟ್ಟಿಗೆ ಒಂದೊಂದು ಪೆಟ್ಟು ಹಾಕಿದರೆ ಮುಗಿಯಿತೆಂದು ಒಬ್ಬ ಎದ್ದೇ ನಿಂತನು. ತಂಗಿ, "ನಮ್ಮನಿದು ಒಡದಿಲ್ಲ. ಒಡದಿಲ್ಲ ಅಂತನ ಹೇಳೂನು" ಎಂದು ಬಿಟ್ಟಳು.

ಗ್ರಾಮಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕೆಂದು 1993ರ ಪಂಚಾಯತ್ ರಾಜ್ ಅಧಿನಿಯಮವೇ ಹೇಳುತ್ತದೆ. ಅಂದು ಎಂದೂ ಇಲ್ಲದಷ್ಟು ಜನ ಕೂಡಿದ್ದರು. ಹನ್ನೊಂದರಲ್ಲಿ ಮೂರು ಎಂದಾಗ, ಈ ವ್ಯಾಪ್ತಿ ನಮ್ಮದಲ್ಲವೆಂದಿದ್ದ ಪಂಚಾಯತಿಯವರೇ ಆ ಮೂರು ಮನೆಗಳ ಹೆಸರಿನಲ್ಲಿ ಠರಾವು ಬರೆದರು. ಆ ಕಿರಿಯ ಅಧಿಕಾರಿಗಳು ಠರಾವಿನ ಪ್ರತಿ ತೆಗೆದುಕೊಂಡು, "ಈಗ ನನಗೆ ಬರೆಯಲು ಏನೋ ಸಿಕ್ಕಿತು" ಎಂದರು. ಹದಿನೈದು ದಿನಗಳಲ್ಲಿ ಅಳೆಯುವ ಯಂತ್ರ ಬಂದಿತು. ಆಮೇಲೆ ಒಂದೇ ಸಲಕ್ಕೆ ಹಾರಿಸುವ ಕುಳಿಗಳ ಸಂಖ್ಯೆ ಇಳಿಯಿತು. ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಮಾತ್ರ, ಅದೂ ಮೂರು ಸಲ ಸೈರನ್ ಊದಿದ ಮೇಲೆ ಎಂದಾಯಿತು. ಮೂರರಲ್ಲಿ ಎರಡು ಮನೆಗಳ ಗೋಡೆಯನ್ನು ಗುತ್ತಿಗೆದಾರರು ದುರಸ್ತಿ ಮಾಡಿಸಿಕೊಟ್ಟರು. ಮೂರನೆಯ ಮನೆಯವರು ಬೆಂಗಳೂರಿಗೆ ದುಡಿಯಲು ಹೋಗಿದ್ದರು. ಕೀಲಿ ತೆಗೆದು ತೋರಿಸುವವರು ಇಲ್ಲವಾಗಿ ಅದು ಹಾಗೆಯೇ ಉಳಿಯಿತು.

ನನ್ನ ಅಳಿಯನನ್ನು ಗ್ರಾಮಸಭೆಯ ಮರುದಿನದಿಂದ ಕೆಲಸಕ್ಕೆ ಕರೆಯಲಿಲ್ಲ. ಕಾರಣವನ್ನು ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಒಂದೂವರೆ ತಿಂಗಳ ಮೇಲೆ ಲಕ್ಷ್ಮೇಶ್ವರದ ಕಡೆ ಬೇರೆ ಗಾಡಿ ಹಿಡಿದನು. ನನ್ನೊಡನೆ ಮಾತು ಬಿಡಲಿಲ್ಲವಾದರೂ, "ಮಾವಾ, ನಿಮ್ಮ ಅರ್ಜಿಗೆ ನನ್ನ ನಲವತ್ತೈದು ದಿನದ ಪಗಾರ ಖರ್ಚಾತ್ರಿ" ಎಂದು ನಗುತ್ತ ಒಮ್ಮೆ ಅಂದನು. ಅದರಲ್ಲಿ ನಗೆ ಎಷ್ಟಿತ್ತೋ ನಾನು ಅಳೆಯಲಾರೆ.

ರಸ್ತೆ ಮುಗಿದು ವರ್ಷಗಳಾದವು. ಈಗ ಮುಂಡರಗಿಯಿಂದ ಆ ಊರಿಗೆ ಬಸ್ಸು ಬೇಗನೆ ಮುಟ್ಟುತ್ತದೆ. ಕಳೆದ ಸಲ ಹೋದಾಗ ತಂಗಿಯ ಅತ್ತೆ ಇರಲಿಲ್ಲ. ಕೊನೆಯ ಎರಡು ವರ್ಷ ಆಕೆ ಮತ್ತೆ ಮಾಳಿಗೆಯ ಕೆಳಗೇ ಮಲಗುತ್ತಿದ್ದಳೆಂದು ತಿಳಿಯಿತು. ಪಡಸಾಲೆಗೆ ಹೊಸದಾಗಿ ಸುಣ್ಣ ಹಚ್ಚಿದ್ದರು. ಗಾಜಿನ ಪಟ್ಟಿಯನ್ನು ಮಾತ್ರ ತಂಗಿ ತೆಗೆಯಗೊಟ್ಟಿಲ್ಲ. ಸುಣ್ಣ ಹಚ್ಚುವವನು ಅದರ ಸುತ್ತ ಜೋಪಾನವಾಗಿ ಕುಂಚವಾಡಿಸಿದ್ದಾನೆ, ಪಕ್ಕದಲ್ಲಿ ನಾನು ಬರೆದ ತಾರೀಖೂ ಇನ್ನೂ ಇದೆ. ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ನೋಡಿದೆನು. ಒಡೆದಿರಲಿಲ್ಲ.